ಮಂಗಳವಾರಕ್ಕೆ ಮೊದಲು ಓದು

ಪುಟ್ಟೀ,

ಬೋನ್ ಮ್ಯಾರೋ ಟೆಸ್ಟ್ ಮಾಡಿಸಬೇಕಂತೆ ಎಂದು ನೀನು ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಫೋನನ್ನು ಅಪ್ಪನ ಕೈಗೆ ಕೊಟ್ಟುಬಿಟ್ಟೆ. ಕ್ಷಮಿಸು. ನೀನು ಮಾತ್ರ ಒಂದು ಅಕ್ಷರ ತಪ್ಪದೆ ರಿಪೋರ್ಟ್ ಓದಿ ಹೇಳಿದೆ. ನನಗೆ ಎಷ್ಟು ಹೆಮ್ಮೆ ಆಯಿತು ಗೊತ್ತಾ?

ಹೀಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಇಳಿದರೆ ಅವು ಹುಟ್ಟುವ ಜಾಗವನ್ನೇ, ಅಂದರೆ ಮೂಳೆಯೊಳಗಿನ ಮಜ್ಜೆಯನ್ನೇ ನೋಡಬೇಕಾಗುತ್ತದೆ. ಬಿ12 ಕೊರತೆಯಿಂದಲೂ ಹೀಗಾಗುತ್ತದೆ. ನಮ್ಮಂತೆ ಮೊಟ್ಟೆ ಮಾಂಸ ಮುಟ್ಟದವರಲ್ಲಿ ಅದೇನು ಅಪರೂಪ ಅಲ್ಲ. ರಕ್ತದ ಕ್ಯಾನ್ಸರ್‌ನಿಂದಲೂ ಆಗಬಹುದು. ನಿನಗೂ ಗೊತ್ತಿರುವುದನ್ನು ನಾನು ಬಚ್ಚಿಟ್ಟು ಏನು ಪ್ರಯೋಜನ?

ಲ್ಯಾಬಿನಲ್ಲಿದ್ದಾಗ ಈ ಟೆಸ್ಟ್ ಇದ್ದರೆ ಸ್ಲೈಡ್ ಹಿಡಿದು ಮಂಚದ ಪಕ್ಕ ನಿಲ್ಲುವುದು ನನ್ನ ಕೆಲಸ. ಮಜ್ಜೆ ಬೇಗ ಹೆಪ್ಪುಗಟ್ಟುತ್ತದೆ, ಅಲ್ಲೇ ಸವರಬೇಕು. ಸ್ಲೈಡನ್ನು ಓರೆ ಮಾಡಿದರೆ ರಕ್ತ ಇಳಿದು, ರವೆಯಂಥ ಸಣ್ಣ ಕಾಳುಗಳು ಉಳಿಯುತ್ತವೆ. ಜಿಡ್ಡು ಜಿಡ್ಡಾಗಿ ಹೊಳೆಯುತ್ತವೆ. ಅವು ಕಂಡರೆ ಸಮಾಧಾನ, ಸ್ಯಾಂಪಲ್ ಸರಿಯಾಗಿದೆ ಅಂತ. ನನ್ನ ಕಣ್ಣು ಯಾವಾಗಲೂ ಆ ಕಾಳಿನ ಮೇಲೆ.

ಒಂದು ದಿನ ಮಾತ್ರ ತಲೆ ಎತ್ತಿ ನೋಡಿದೆ. ನಿನ್ನದೇ ವಯಸ್ಸಿನ ಹುಡುಗಿ. "ಏನೂ ಗೊತ್ತಾಗಲ್ಲಮ್ಮ" ಎಂದು ಡಾಕ್ಟರು ಹೇಳಿದ್ದರು. ಸಿರಿಂಜ್ ಎಳೆದಾಗ ಅವಳು ಕಿರುಚಲಿಲ್ಲ. ಕತ್ತು ತಿರುಗಿಸಿ ಅವರನ್ನೇ ನೋಡಿದಳು. ಆಮೇಲೆ ಅವರು ಏನು ಕೇಳಿದರೂ ಉತ್ತರ ಕೊಡಲಿಲ್ಲ. ನೋವು ಕೆಲವೇ ಸೆಕೆಂಡು. ಆದರೆ ಅವಳು ಅವರನ್ನು ನಂಬುವುದನ್ನೇ ಬಿಟ್ಟಳು. ಅವಳಿಗೆ ಏನು ಕಾಯಿಲೆ ಇತ್ತೋ ನೆನಪಿಲ್ಲ, ಆ ಮುಖ ಮಾತ್ರ ನೆನಪಿದೆ. ನೀನು ಫೋನ್ ಮಾಡಿದ ಮೇಲೆ ರಾತ್ರಿಯೆಲ್ಲ ಅದೇ ಕಣ್ಣ ಮುಂದೆ.

ಅದಕ್ಕೇ ಇರುವುದನ್ನು ಇದ್ದ ಹಾಗೇ ಹೇಳುತ್ತೇನೆ. ಮಗ್ಗುಲಾಗಿ ಅಥವಾ ಬೋರಲು ಮಲಗಿಸುತ್ತಾರೆ. ಸೂಜಿ ಹೋಗುವುದು ಸೊಂಟದ ಹಿಂಬದಿಯ ಮೂಳೆಗೆ, ಬೆನ್ನುಹುರಿಗಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ ಚುರ್ ಎನ್ನುತ್ತದೆ. ಅದು ಚರ್ಮಕ್ಕೂ ಮೂಳೆಯ ಮೇಲಿನ ಪೊರೆಗೂ ಸಾಕು, ಮೂಳೆಯ ಒಳಗಿನ ಮಜ್ಜೆಗೆ ತಾಕುವುದಿಲ್ಲ. ಹಾಗಾಗಿ ಮಜ್ಜೆ ಎಳೆಯುವಾಗ ಕಾಲಿನವರೆಗೂ ಸೆಳೆದ ಹಾಗಾಗಬಹುದು. ಎಳೆಯುವ ಮುಂಚೆ ಹೇಳಿ ಅಂತ ಡಾಕ್ಟರನ್ನು ಮೊದಲೇ ಕೇಳಿಕೋ. ಉಸಿರು ನಿಧಾನವಾಗಿ ಬಿಡು, ಅಲುಗಾಡಬೇಡ. ಆಮೇಲೆ ದಪ್ಪ ಸೂಜಿಯನ್ನು ತಿರುಚಿ ತಿರುಚಿ ಒಂದೂವರೆ, ಎರಡು ಸೆಂಟಿಮೀಟರ್ ಉದ್ದದ ಮೂಳೆಯ ಚೂರು ತೆಗೆಯುತ್ತಾರೆ. ಅದೇ ಬಯಾಪ್ಸಿ. ಆಗ ಜಾಸ್ತಿ ಗೊತ್ತಾಗುವುದು ಒತ್ತಡ. ತುಂಬಾ ಭಯವಾದರೆ ಮಂಪರು ಬರುವ ಔಷಧಿ ಕೇಳು. ಕೇಳುವುದಕ್ಕೆ ಸಂಕೋಚ ಯಾಕೆ? ನಿನಗೆ ಎಲ್ಲದಕ್ಕೂ ಸಂಕೋಚ. ಹಾಸ್ಟೆಲಿನಲ್ಲಿ ಊಟ ಸೇರದಿದ್ದರೂ ಹೇಳಲಿಲ್ಲ, ಸುಸ್ತಾಗುತ್ತದೆ ಅಂತಲೂ ಹೇಳಲಿಲ್ಲ. ಹೇಳಬೇಕು ಅಲ್ವಾ?

ತಲೆನೋವಿಗೆ ಸುಮ್ನೆ ಆಸ್ಪಿರಿನ್ ನುಂಗಬೇಡ. ಯಾವ ಮಾತ್ರೆ ತಗೊಂಡಿದ್ದರೂ ಅವರಿಗೆ ಹೇಳು. ಟೆಸ್ಟ್ ಆದ ಮೇಲೆ ಅಂಗಾತ ಮಲಗಿರು, ಗಾಯಕ್ಕೆ ಒತ್ತು ಬೀಳಲಿ. ಒಂದು ದಿನ ಪಟ್ಟಿ ನೆನೆಯಬಾರದು. ಸ್ನಾನ ಮಾಡದಿದ್ದರೆ ಏನೂ ಆಗಲ್ಲ. ರಕ್ತ ಒಸರಿದರೆ, ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗು. ಸ್ಲೈಡಿನ ರಿಪೋರ್ಟ್ ಮೊದಲು ಬರುತ್ತದೆ. ಮೂಳೆಯ ಚೂರನ್ನು ಮೆತ್ತಗಾಗಿಸಿ ಕತ್ತರಿಸಬೇಕು, ಅದಕ್ಕೆ ಇನ್ನೂ ಕೆಲವು ದಿನ ಹಿಡಿಯುತ್ತದೆ. ತಡವಾಯಿತು ಅಂದರೆ ಕೆಟ್ಟ ಸುದ್ದಿ ಅಂದುಕೊಳ್ಳಬೇಡ.

ನೀನು ಬರಬೇಡ ಅಂದೆ. ನಾನು ಸೋಮವಾರ ರಾತ್ರಿ ಬಸ್ಸಿಗೆ ಸೀಟು ಮಾಡಿಸಿ ಆಗಿದೆ. ಒಳಗೆ ಬರುವುದು ನಿನಗೆ ಬೇಡವಾದರೆ ಹೊರಗೇ ಕೂತಿರುತ್ತೇನೆ. ಬೆಳಿಗ್ಗೆ ಎಷ್ಟು ಹೊತ್ತಿಗೆ, ಯಾವ ಮಹಡಿ ಅಂತ ಅಪ್ಪನಿಗೆ ಮೆಸೇಜ್ ಮಾಡು.

ಅಮ್ಮ