ಮಗಳಿಗೊಂದು ಪತ್ರ: ನಿನ್ನ ಅಳತೆ

ಪ್ರೀತಿಯ ಮಗಳೇ,

ನೀನು ಕೇಳಿದ 1,800 ರೂಪಾಯಿ ಮೊನ್ನೆ ರಾತ್ರಿಯೇ ಕಳಿಸಿದ್ದೇನೆ, ಬಂದಿರಬೇಕು. ಹಾಸ್ಟೆಲಿನ ಹುಡುಗಿಯರೆಲ್ಲ ಫೇರ್‌ವೆಲ್‌ಗೆ ಒಂದೇ ಥರದ ಡ್ರೆಸ್ ತರಿಸುತ್ತಿದ್ದೀರಿ, ನೀನೂ ತರಿಸು. ಗೆಳತಿಯರ ಜೊತೆ ಒಂದೇ ಬಣ್ಣದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಖುಷಿ ನನಗೂ ಗೊತ್ತು. ಅದಕ್ಕೆ ಬೇಡ ಅನ್ನಲು ಈ ಪತ್ರ ಬರೆಯುತ್ತಿಲ್ಲ.

ಫೋನ್ ಇಡುವ ಮೊದಲು ನೀನು ಒಂದು ಮಾತು ಹೇಳಿದೆ. "ಹೋದ ಸಲ ತರಿಸಿದ್ದೂ ಸರಿ ಕೂರಲಿಲ್ಲ ಅವ್ವ, ನನ್ನ ಮೈಗೆ ಯಾವುದೂ ಒಪ್ಪೋದಿಲ್ಲ." ಅದನ್ನು ಕೇಳಿದ ಮೇಲೆ ಕೈಯಲ್ಲಿದ್ದ ಬ್ಲೌಸಿಗೆ ಹುಕ್ಕು ಹಾಕಲೂ ಮನಸ್ಸಾಗಲಿಲ್ಲ.

ಇಪ್ಪತ್ತಾರು ವರ್ಷದಿಂದ ಹೆಂಗಸರ ಅಳತೆ ತೆಗೆಯುತ್ತಿದ್ದೇನೆ. ಎರಡೂ ಭುಜ ಒಂದೇ ಸಮ ಇರುವವರನ್ನು ನಾನು ನೋಡಿದ್ದು ತೀರಾ ಕಡಿಮೆ. ವರ್ಷಗಟ್ಟಲೆ ಒಂದೇ ಹೆಗಲಿಗೆ ಚೀಲ ಹಾಕಿದವರಿಗೆ ಆ ಕಡೆ ಅರ್ಧ ಇಂಚು ಇಳಿದಿರುತ್ತದೆ. ಎದೆ ಅಳತೆ ಒಂದೇ ಇದ್ದರೂ ಒಬ್ಬರಿಗೆ ಬೆನ್ನು ಅಗಲ, ಇನ್ನೊಬ್ಬರಿಗೆ ತೋಳು ದಪ್ಪ. ಅದಕ್ಕೇ ಒಬ್ಬರ ಬ್ಲೌಸು ಇನ್ನೊಬ್ಬರಿಗೆ ಕೂರುವುದಿಲ್ಲ. ಅಂಥದ್ದರಲ್ಲಿ ಎಲ್ಲೋ ಕತ್ತರಿಸಿ ಹೊಲಿದ ಬಟ್ಟೆ ನಿನಗೆ ಕೂರದಿದ್ದರೆ ತಪ್ಪು ನಿನ್ನ ಮೈಯದು ಹೇಗಾಗುತ್ತದೆ ಹೇಳು?

ರೆಡಿಮೇಡ್ ಮಾಡುವವರು ಮೊದಲು ಒಂದೇ ಸೈಜಿನ ಮಾದರಿ ಮಾಡಿಕೊಳ್ಳುತ್ತಾರೆ. ಆಮೇಲೆ ಅದನ್ನೇ ಲೆಕ್ಕ ಹಾಕಿ ಹಿಗ್ಗಿಸಿ ಎಲ್, ಎಕ್ಸೆಲ್ ಅನ್ನುತ್ತಾರೆ, ಕುಗ್ಗಿಸಿ ಎಸ್ ಅನ್ನುತ್ತಾರೆ. ಆದರೆ ಮನುಷ್ಯರು ಹಾಗೆ ಎಲ್ಲ ಕಡೆ ಒಂದೇ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಇನ್ನೊಂದು ವಿಷಯ ಗೊತ್ತಾ? ನಮ್ಮ ದೇಶದವರ ಮೈಕಟ್ಟಿಗೆ ಅಂತ ಒಂದು ಸೈಜ್ ಪಟ್ಟಿಯೇ ಇರಲಿಲ್ಲ. ಹೊರದೇಶದವರ ಪಟ್ಟಿಯನ್ನೇ ಅಲ್ಲಿ ಇಲ್ಲಿ ತಿದ್ದಿ ಬಳಸುತ್ತಿದ್ದರು. ಮೊನ್ನೆ ಮೊನ್ನೆ, 2018ರಲ್ಲಿ, ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆಯವರು ಅದಕ್ಕೊಂದು ಯೋಜನೆ ಪ್ರಕಟಿಸಿದರು. ಆರು ನಗರಗಳಲ್ಲಿ, 15ರಿಂದ 65 ವರ್ಷದೊಳಗಿನ 25,000 ಜನರ ಅಳತೆಯನ್ನು ಸ್ಕ್ಯಾನರ್‌ನಿಂದ ತೆಗೆಯುವ ಕೆಲಸ ಅದು. ಅಲ್ಲಿಯವರೆಗೆ ನಮ್ಮ ಹುಡುಗಿಯರೆಲ್ಲ ಬೇರೆಯವರ ಅಳತೆಯೊಳಗೆ ತೂರಿಕೊಳ್ಳಲು ಒದ್ದಾಡಿದ್ದೇ ಆಯಿತು ಅಲ್ವಾ?

ನನ್ನಿಂದಲೂ ಒಂದು ತಪ್ಪಾಗಿದೆ. ನೀನು ಆಗ ಹೈಸ್ಕೂಲಿನಲ್ಲಿದ್ದೆ. ಒಬ್ಬ ಹುಡುಗಿ ತನ್ನ ಅಕ್ಕನ ಮದುವೆಗೆ ಬ್ಲೌಸ್ ಹೊಲಿಸಲು ಬಂದಿದ್ದಳು. ಫೋನಿನಲ್ಲಿ ನಟಿಯೊಬ್ಬಳ ಫೋಟೊ ತೋರಿಸಿ, ಬೆನ್ನು, ತೋಳು ಎಲ್ಲ ಹಾಗೇ ಬರಬೇಕು ಅಂದಳು. ಅವಳ ಇಳಿಭುಜಕ್ಕೆ ಅಷ್ಟು ಅಗಲದ ಕತ್ತು ನಿಲ್ಲುವುದಿಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ಮದುವೆ ಸೀಸನ್, ಕೈ ತುಂಬ ಕೆಲಸ. ಕೇಳಿದ್ದನ್ನು ಹೊಲಿದುಕೊಟ್ಟರಾಯಿತು ಅಂದುಕೊಂಡೆ. ಹಾಕಿ ನೋಡಲು ಬಂದ ದಿನ ಕನ್ನಡಿ ಮುಂದೆ ನಿಂತು ಅವಳು ಅತ್ತಳು. "ಅವರಿಗೆ ಎಷ್ಟು ಚೆನ್ನಾಗಿ ಕೂತಿದೆ ಆಂಟಿ, ನಾನೇ ಸರಿ ಇಲ್ಲ" ಅಂದಳು. ನಾನು ಬ್ಲೌಸ್ ಸರಿಮಾಡಿಕೊಟ್ಟೆ. ಆದರೆ ಹೇಳಬೇಕಾಗಿದ್ದ ಮಾತು ಹೇಳಲಿಲ್ಲ. ನೀನು ಸರಿಯಾಗೇ ಇದ್ದೀಯ, ಬಟ್ಟೆ ಸರಿಯಿಲ್ಲ ಅನ್ನಬೇಕಿತ್ತು. ಮೊನ್ನೆ ಅದೇ ಮಾತು ನಿನ್ನ ಬಾಯಿಂದ ಬಂತು. ಅದಕ್ಕೇ ಬರೆಯಲು ಕೂತೆ.

ಇದನ್ನೆಲ್ಲ ನಾನು ದೂರದಲ್ಲಿ ನಿಂತು ಹೇಳುತ್ತಿಲ್ಲ. ನಿನ್ನ ಅಜ್ಜ ಗುಳೇದಗುಡ್ಡದಲ್ಲಿ ಕುಣಿ ಮಗ್ಗದ ಮೇಲೆ ಖಣ, ಅಂದರೆ ಕುಬಸದ (ಬ್ಲೌಸಿನ) ಬಟ್ಟೆ, ನೇಯುತ್ತಿದ್ದರು. ನಮ್ಮ ಮನೆಯಲ್ಲಿ ಹೆಂಗಸರಿಗೆಲ್ಲ ಖಣದ ಕುಬಸವೇ. ಹದಿನೆಂಟನೇ ವಯಸ್ಸಿಗೆ ಹುಬ್ಬಳ್ಳಿಗೆ ಹೊಲಿಗೆ ಕಲಿಯಲು ಬಂದೆ. ಅಲ್ಲಿ ಎಲ್ಲರದೂ ಸೀರೆಯ ಬಣ್ಣಕ್ಕೆ ಸರಿಯಾದ ಟೂ ಬೈ ಟೂ ಮ್ಯಾಚಿಂಗ್ ಬ್ಲೌಸು. ನನ್ನ ಕುಬಸ ನೋಡಿ ಒಬ್ಬಳು "ಜಾತ್ರೆಗೆ ಬಂದಂಗೆ ಬಂದಾಳ" ಅಂದಳು. ಅಷ್ಟೇ ಸಾಕಾಯಿತು. ಕುಬಸಗಳನ್ನೆಲ್ಲ ಟ್ರಂಕಿನ ತಳಕ್ಕೆ ಹಾಕಿ, ಎರಡು ತಿಂಗಳು ಬಸ್ಸಿನ ದುಡ್ಡು ಉಳಿಸಿ, ನಾನೂ ಮ್ಯಾಚಿಂಗ್ ಹೊಲಿಸಿಕೊಂಡೆ. ದೀಪಾವಳಿಗೆ ಅದನ್ನೇ ಹಾಕಿಕೊಂಡು ಊರಿಗೆ ಹೋದೆ. ಅಪ್ಪ ಮಗ್ಗದ ಕುಣಿಯಲ್ಲಿ ಕೂತವರು ತಲೆಯೆತ್ತಿ ನೋಡಿದರು. ಏನೂ ಕೇಳಲಿಲ್ಲ. ಮತ್ತೆ ನೇಯತೊಡಗಿದರು. ಬೈದಿದ್ದರೂ ನಾನು ಮರೆತುಬಿಡುತ್ತಿದ್ದೆನೇನೋ.

ಈಗ ನೋಡು, ಖಣವೇ ಫ್ಯಾಷನ್. ಖಣದ ಸೀರೆ, ಖಣದ ಪರ್ಸು, ಖಣದ ಫ್ರಾಕು. ನನ್ನ ಅಂಗಡಿಗೆ ಬರುವುದರಲ್ಲಿ ಜಾಸ್ತಿ ಪವರ್‌ಲೂಮಿನದು. ಆದರೂ ಅದರ ಮೇಲೆ ನೇಯ್ದ ತೇರು, ಸೂರ್ಯನಾರಾಯಣದ ಚಿತ್ತಾರ ಕಂಡಾಗ ಕೈ ತಾನಾಗೇ ನಿಧಾನವಾಗುತ್ತದೆ. ನಿನ್ನ ಅಜ್ಜಿ ಮಾತ್ರ ಕೊನೆಯವರೆಗೂ ಅದೇ ಇಳಕಲ್ಲ ಸೀರೆ, ಅದೇ ಖಣದ ಕುಬಸದಲ್ಲೇ ಇದ್ದರು. ಯಾರ ಜೊತೆಗೂ ಹಟ ಮಾಡಿ ಅಲ್ಲ. ಬೆಳಿಗ್ಗೆ ಎದ್ದು ಅದನ್ನು ಉಟ್ಟರೆ ಅವರಿಗೆ ತಮ್ಮ ಮನೆಯಲ್ಲಿ ತಾವು ಇದ್ದಂತೆ ಅನ್ನಿಸುತ್ತಿತ್ತು.

ಅಜ್ಜಿ ಒಂದು ಗಾದೆ ಹೇಳುತ್ತಿದ್ದರು, "ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಅಂತ. ನಾಲ್ಕು ಜನರ ಕಣ್ಣಿಗೆ ಹಿತವಾಗುವ ಹಾಗೆ ಉಡಬೇಕು ಅನ್ನುವುದು ಅದರ ಅರ್ಥ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮದುವೆಮನೆಗೆ ಹೋಗುವಾಗ, ಸಾವಿನ ಮನೆಗೆ ಹೋಗುವಾಗ, ಎದುರಿನವರ ಮನಸ್ಸು ನೋಡಿಯೇ ಉಡುತ್ತೇವೆ. ಆದರೆ ಅಜ್ಜಿಯ ಕಾಲದ ಪರರು ಅಂದರೆ ಓಣಿಯ ಜನ. ಅವರಿಗೆ ಅಜ್ಜಿ ಯಾರು ಅಂತ ಗೊತ್ತಿತ್ತು. ಜ್ವರ ಬಂದರೆ ಗಂಜಿ ತರುತ್ತಿದ್ದರು. ನಿನ್ನ ಫೋನಿನಲ್ಲಿ ದಿನಕ್ಕೊಂದು ಹೊಸ ಬಟ್ಟೆ ತೋರಿಸುವವರಿಗೆ ನೀನು ಯಾರು ಅಂತಲೇ ಗೊತ್ತಿಲ್ಲ. ಅವರ ಇಚ್ಛೆಗೆ ಎಷ್ಟು ಸಲ ಬಟ್ಟೆ ಬದಲಿಸುತ್ತೀಯ?

ನಮ್ಮ ಅಂಗಡಿಗೆ ಬರುವ ಕನ್ನಡ ಟೀಚರ್ ನಿನಗೆ ನೆನಪಿರಬೇಕು. ಇಷ್ಟು ವರ್ಷದಲ್ಲಿ ಅವರು ಒಂದು ಸಲವೂ ಫೋಟೊ ತಂದಿಲ್ಲ. ಹಳೆಯ ಅಳತೆ ಬ್ಲೌಸ್ ತಂದಿಡುತ್ತಾರೆ. ಮೊಣಕೈವರೆಗೆ ತೋಳು, ಮುಂದೆ ಗುಂಡು ಕತ್ತು, ಬೆನ್ನು ಮುಚ್ಚಿರಬೇಕು, ಬರೆಯುವಾಗ ಬಗಲು ಎಳೆಯಬಾರದು. ಬಣ್ಣ ಮಾತ್ರ ಬಗೆಬಗೆಯದು, ಗಾಢ ಹಸಿರು, ಅರಿಶಿನ, ಬದನೆ ಬಣ್ಣ. ಸಂತೆಯ ಗದ್ದಲದಲ್ಲೂ ಅವರನ್ನು ದೂರದಿಂದಲೇ ಗುರುತು ಹಿಡಿಯಬಹುದು. ದಿನಕ್ಕೆ ಆರು ಪಿರಿಯಡ್ ಬೋರ್ಡಿನ ಮೇಲೆ ಬರೆಯುವ ಕೈಗೆ ಏನು ಬೇಕು ಅಂತ ಅವರಿಗೆ ಗೊತ್ತು. ಹಾಗೆ ಗೊತ್ತಿರುವುದನ್ನು ನೋಡಿದರೆ ನನಗೆ ತುಂಬ ಗೌರವ ಬರುತ್ತದೆ.

ನಿನಗೂ ಅದು ಗೊತ್ತಿತ್ತು. ಆರನೇ ಕ್ಲಾಸಿನಲ್ಲಿದ್ದಾಗ ಪ್ರತಿ ಫ್ರಾಕಿಗೂ ಎರಡು ಜೇಬು ಬೇಕೇ ಬೇಕು ಅಂತ ಕೂತುಬಿಡುತ್ತಿದ್ದೆ. ಜೇಬಿನ ತುಂಬ ಹುಣಸೆ ಬೀಜ, ಪೆನ್ಸಿಲ್ ಚೂರು. ತೋಳು ಎಷ್ಟುದ್ದ ಹೊಲಿದರೂ ಮಡಚಿ ಮೊಣಕೈಗೆ ಏರಿಸುತ್ತಿದ್ದೆ. ಪಿಯುಸಿಯಲ್ಲಿ ಹೊಲಿದುಕೊಟ್ಟ ನೀಲಿ ಕಾಟನ್ ಕುರ್ತಾ ಬಣ್ಣ ಹೋಗುವವರೆಗೂ ಹಾಕಿದೆ. ಅದನ್ನು ಹಾಕಿದ ದಿನ ನೀನು ನಡೆಯುವುದೇ ಬೇರೆ ಥರ ಇರುತ್ತಿತ್ತು. ಕನ್ನಡಿ ನೋಡುತ್ತಲೇ ಇರಲಿಲ್ಲ. ಯುಗಾದಿಗೆ ಬಂದಾಗ ನಿನ್ನ ಸೂಟ್‌ಕೇಸಿನಲ್ಲಿ ಒಂದೊಂದೇ ಸಲ ಹಾಕಿದ ಏಳೆಂಟು ಬಟ್ಟೆ ಕಂಡೆ. ಒಂದಕ್ಕೂ ಜೇಬಿರಲಿಲ್ಲ.

ಆ ನೀಲಿ ಕುರ್ತಾ ಈಗ ನನ್ನ ಹತ್ತಿರವೇ ಇದೆ. ಬಿಗಿಯಾಯಿತು ಅಂತ ಬಿಟ್ಟುಹೋಗಿದ್ದೆಯಲ್ಲ, ನಿನ್ನೆ ಪಕ್ಕದ ಹೊಲಿಗೆ ಬಿಚ್ಚಿದೆ. ಬೆಳೆಯುವ ಹುಡುಗಿ ಅಂತ ಆಗ ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿದ್ದೆ. ರೆಡಿಮೇಡಿನಲ್ಲಿ ಸಾಮಾನ್ಯವಾಗಿ ಅಷ್ಟು ಬಿಡುವುದಿಲ್ಲ, ಅಂಚಿಗೇ ಓವರ್‌ಲಾಕ್ ಹೊಡೆದಿರುತ್ತಾರೆ. ಈಗ ಅದು ನಿನಗೆ ಆರಾಮಾಗಿ ಆಗುತ್ತದೆ. ಒಳಗಿನ ಬಟ್ಟೆಗೆ ಬಿಸಿಲು ತಾಗಿಲ್ಲ, ಹಾಗಾಗಿ ಎರಡೂ ಪಕ್ಕ ಗಾಢ ನೀಲಿ ಪಟ್ಟಿ ಬಂದಿದೆ. ನನಗೆ ಚೆಂದ ಕಾಣುತ್ತಿದೆ. ಬೇಡ ಅನ್ನಿಸಿದರೆ ಹಾಕಬೇಡ.

ಇನ್ನೊಂದಿದೆ. ಅಜ್ಜ ನೇಯ್ದ ಕೊನೆಯ ಖಣಗಳಲ್ಲಿ ಒಂದನ್ನು ಅಜ್ಜಿ ನನ್ನ ಉಡಿಗೆ ಹಾಕಿದ್ದರು. ಮಡಚಿದ ಮುಕ್ಕೋನ ಹಾಗೇ ಟ್ರಂಕಿನಲ್ಲಿತ್ತು. ನಿನ್ನೆ ತೆಗೆದು ಗಾಳಿಗೆ ಹಾಕಿದೆ. ಒಂದೇ ಒಂದು ಖಣ, ಕುಬಸ ಆಗಬಹುದು, ನಿನಗೆ ಜೀನ್ಸಿನ ಮೇಲೆ ಹಾಕುವ ಚಿಕ್ಕ ಜಾಕೀಟೂ ಆಗಬಹುದು. ನಿನ್ನ ಅಳತೆ ತೆಗೆದು ಎರಡು ವರ್ಷವಾಯಿತು. ದಸರಾ ರಜೆಗೆ ಬಂದಾಗ ಮೊದಲು ಅಳತೆ ತೆಗೆಯೋಣ. ತೋಳು ಎಷ್ಟುದ್ದ, ಕತ್ತು ಎಂಥದು, ಜೇಬು ಎಲ್ಲಿ, ಎಲ್ಲ ಯೋಚಿಸಿಟ್ಟುಕೋ. ಫೋಟೊ ಕಳಿಸಬೇಡ, ಬಂದು ಬಾಯಲ್ಲಿ ಹೇಳು. ಅಲ್ಲಿಯವರೆಗೆ ನಾನು ಅದಕ್ಕೆ ಕತ್ತರಿ ಹಾಕುವುದಿಲ್ಲ.

ನಿನ್ನ ಅವ್ವ