ಸಹಿ ಹಾಕುವ ಮೊದಲು

ಚಿರಂಜೀವಿ ಅಳಿಯನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಿಮ್ಮಮ್ಮ ಫೋನ್ ಮಾಡಿದ್ದಳು. ಸ್ಪೇನಿನ ಬ್ಯಾಸ್ಕೆಟ್‌ಬಾಲ್ ಅಕಾಡೆಮಿಯ ಊಟ ನಿನಗೆ ಒಗ್ಗಿದೆಯಂತೆ, ಸಂತೋಷ. ಆದರೆ ಯಾರೋ ಏಜೆಂಟು ಕರಾರಿನ ಕಾಗದ ಹಿಡಿದು ಬಂದು, ಅಮೆರಿಕದ ಎನ್‌ಬಿಎ ಲೀಗಿನ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿಗೆ ಈಗಿನಿಂದಲೇ ತಯಾರಾಗಬೇಕು, ತಡಮಾಡಿದರೆ ಕೆಟ್ಟೆ ಎಂದು ತಲೆ ತಿಂದಿದ್ದಾನಂತೆ. ನೀನೂ ಪಂದ್ಯ ಬಿಟ್ಟು ವಿಡಿಯೋ ಮಾಡಿಸುವುದರಲ್ಲೇ ಮುಳುಗಿದ್ದೀಯಂತೆ. ಅದಕ್ಕೇ ಈ ಕಾಗದ.

ಮೊದಲು ಆ ತಡದ ಮಾತು. ನಿನಗೀಗ ಹದಿನೇಳು. ಅಮೆರಿಕದ ಶಾಲೆ-ಕಾಲೇಜಿನ ಮೆಟ್ಟಿಲು ಹತ್ತದ ಹೊರದೇಶದ ಹುಡುಗ 19 ತುಂಬುವ ವರ್ಷದಿಂದ ಡ್ರಾಫ್ಟಿಗೆ ಹೆಸರು ಕೊಡಬಹುದು. ಕೊಡದೇ ಹೋದರೂ 22 ತುಂಬುವ ವರ್ಷ ತಾನಾಗಿಯೇ ಅರ್ಹನಾಗುತ್ತಾನೆ. ಬೇಗ ಹೆಸರು ಕೊಟ್ಟವನು ಗಡುವಿನೊಳಗೆ ವಾಪಸು ಪಡೆಯಲೂ ಅವಕಾಶವಿದೆ. ಇನ್ನೂ ಐದು ವರ್ಷ ಇದೆಯಪ್ಪಾ ನಿನಗೆ. ಅವಸರ ಇರುವುದು ಏಜೆಂಟಿಗೆ.

ಡಾರ್ಕೊ ಮಿಲಿಚಿಚ್ ಹೆಸರು ನೀನು ತಮಾಷೆಗೆ ಹೇಳುವುದನ್ನು ಕೇಳಿದ್ದೇನೆ. ತಮಾಷೆ ಬೇಡ. 2003ರಲ್ಲಿ ಲೆಬ್ರಾನ್ ಜೇಮ್ಸ್ ಆದಮೇಲೆ ಎರಡನೆಯವನಾಗಿ ಡೆಟ್ರಾಯಿಟ್ ಆರಿಸಿದ್ದು ಈ ಸರ್ಬಿಯಾದ ಹುಡುಗನನ್ನು. ಮುಂದೆ ತಾರೆಗಳಾದ ಕಾರ್ಮೆಲೊ ಆಂಥನಿ, ಕ್ರಿಸ್ ಬಾಷ್, ಡ್ವೇನ್ ವೇಡ್ ಎಲ್ಲ ಅವನ ನಂತರ. ಅವನಿಗೆ ಆಗಷ್ಟೇ 18 ತುಂಬಿತ್ತು; ಆಗ ವಯಸ್ಸಿನ ನಿಯಮ ಈಗಿನದಲ್ಲ. ಹೋಗಿ ಸೇರಿದ್ದು ಚಾಂಪಿಯನ್ ಆಗಲು ಹೊರಟಿದ್ದ ತಂಡವನ್ನು. 2004ರಲ್ಲಿ ಅವರು ಗೆದ್ದೂ ಬಿಟ್ಟರು. ಗೆಲ್ಲಬೇಕೆಂದು ಕೂತ ಕೋಚು ಮೀಸೆ ಮೂಡದ ಹುಡುಗನನ್ನು ಕಲಿಯಲಿ ಅಂತ ಕಣಕ್ಕಿಳಿಸುತ್ತಾನೆಯೇ? ಆ ಮೊದಲ ಸೀಸನ್ನಿನಲ್ಲಿ, ಇಳಿದ ಪಂದ್ಯಗಳಲ್ಲೂ ಅವನಿಗೆ ಸಿಕ್ಕಿದ್ದು ಸರಾಸರಿ 5 ನಿಮಿಷಕ್ಕಿಂತ ಕಡಿಮೆ. ಕಲಿಯುವ ವಯಸ್ಸು ಬೆಂಚಿನ ಮೇಲೆ ಕಳೆಯಿತು, ಎರಡನೇ ನಂಬರಿನವನು ಎಂಬ ಹಣೆಪಟ್ಟಿ ಮಾತ್ರ ಬಿಡಲಿಲ್ಲ. ಈಗ ಊರಿನಲ್ಲಿ ಸೇಬಿನ ತೋಟ ಮಾಡಿಕೊಂಡಿದ್ದಾನೆ.

ಇನ್ನೊಂದು ಕಡೆ, ಮುಂದೆ ದೊಡ್ಡ ತಾರೆಯಾದ ಅರ್ಜೆಂಟೀನಾದ ಮಾನು ಜಿನೋಬಿಲಿ. 1999ರಲ್ಲಿ 57ನೆಯವನು, ಅಂದರೆ ಪಟ್ಟಿಯ ತಳ. ಇಟಲಿಯಲ್ಲೇ ಉಳಿದು 2001ರಲ್ಲಿ ಬೊಲೊನ್ಯಾ ತಂಡಕ್ಕೆ ಯುರೋಪಿನ ದೊಡ್ಡ ಕ್ಲಬ್ಬುಗಳ ಯುರೋಲೀಗ್ ಗೆದ್ದುಕೊಟ್ಟು, 2002ರಲ್ಲಿ ಎನ್‌ಬಿಎಯ ಸ್ಯಾನ್ ಆಂಟೋನಿಯೊ ತಂಡಕ್ಕೆ ಹೋದ. ಎನ್‌ಬಿಎಯ ದೊಡ್ಡ ತಾರೆಯಾದ ಸರ್ಬಿಯಾದ ಯೊಕಿಚ್ ಕಥೆ ನಿನಗೇ ಗೊತ್ತು. 2014ರಲ್ಲಿ 41ನೆಯವನಾಗಿ ಅವನ ಹೆಸರು ಬಂದಾಗ ಟಿವಿಯಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು. ಅವನು ಮಾರನೇ ದಿನವೇ ಪೆಟ್ಟಿಗೆ ಕಟ್ಟಲಿಲ್ಲ. ಇನ್ನೊಂದು ವರ್ಷ ತನ್ನ ದೇಶದ ಮೆಗಾ ಕ್ಲಬ್ಬಿನಲ್ಲೇ ಆಡಿ, ಅಲ್ಲಿನ ಏಡ್ರಿಯಾಟಿಕ್ ಲೀಗಿನ ಶ್ರೇಷ್ಠ ಆಟಗಾರನಾಗಿ ಆಮೇಲೆ ಡೆನ್ವರಿಗೆ ಹೊರಟ.

ಆ ಮೆಗಾ ಕ್ಲಬ್ಬಿನ ದಾರಿಯೇ ಬೇರೆ. ಹುಡುಗರನ್ನು ಬೆಳೆಸಿ ಅಮೆರಿಕಕ್ಕೆ ಕಳಿಸುವುದೇ ಅವರ ಕಸುಬು; 2016ರ ಒಂದೇ ಡ್ರಾಫ್ಟಿನಲ್ಲಿ ಅವರ ಮೂವರು ಆರಿಸಿಹೋದರು. ವ್ಯಾಪಾರವೇ ಅನ್ನು, ನಾನು ಬೇಡವೆನ್ನುವುದಿಲ್ಲ. ಆದರೆ ಅಲ್ಲಿ ಹುಡುಗ ಆಡುತ್ತಾನೆ, ತಪ್ಪು ಮಾಡಿದರೂ ಮುಂದಿನ ವಾರ ಮತ್ತೆ ಇಳಿಸುತ್ತಾರೆ. ಡ್ರಾಫ್ಟಿನ ಆಸೆಯಿಂದ ನಿನಗೆ ಆಟದ ನಿಮಿಷ ಹೆಚ್ಚಾದರೆ ಅದು ಒಳ್ಳೆಯದೇ. ಆಟ ಹೋಗಿ ಪ್ರದರ್ಶನ ಉಳಿದರೆ ಮಾತ್ರ ಎದ್ದು ಬಾ.

ಪ್ರದರ್ಶನ ಅಂದೆನಲ್ಲ, 2007ರಲ್ಲಿ ಚೀನಾದ ಯಿ ಜಿಯಾನ್‌ಲಿಯಾನ್‌ನನ್ನು ಲಾಸ್ ಏಂಜಲೀಸಿನಲ್ಲಿ ತಂಡಗಳ ಮುಂದೆ ಆಡಿಸಿ ತೋರಿಸಿದರು. ಎದುರಾಳಿ ಯಾರು ಗೊತ್ತೇ? ಒಂದು ಕುರ್ಚಿ. ಏಳಡಿಯ ಹುಡುಗ ಕುರ್ಚಿಯನ್ನು ತಪ್ಪಿಸಿ ಚೆಂಡು ಹಾಕಿದ, ಜನ ಬೆರಗಾಗಿ ನೋಡಿದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಹುಡುಗಿಯ ಗುಣ ಅಳೆದ ಹಾಗೆ! ಆರನೆಯವನಾಗಿ ಮಿಲ್ವಾಕಿಗೆ ಹೋದ, ಐದು ಸೀಸನ್ ಆಡಿ ಚೀನಾಕ್ಕೆ ಮರಳಿದ. ಕುರ್ಚಿ ಮೈಗೆ ಮೈ ಕೊಡುವುದಿಲ್ಲ, ಜೊತೆಯವನಿಗಾಗಿ ಎದುರಾಳಿಗೆ ಅಡ್ಡ ನಿಂತು ಸ್ಕ್ರೀನ್ ಹಾಕುವುದಿಲ್ಲ. ನಿನ್ನ ವಿಡಿಯೋದಲ್ಲೂ ನಾನು ಡಂಕ್ ನೋಡಿದೆ, ಡಿಫೆನ್ಸಿಗೆ ನೀನು ಹಿಂದಕ್ಕೆ ಓಡಿದ್ದು ಒಂದು ಸಲವೂ ಕಾಣಲಿಲ್ಲ. ಅದನ್ನು ಕತ್ತರಿಸಿದರೋ, ನೀನು ಓಡಲೇ ಇಲ್ಲವೋ?

ನಮ್ಮ ದೇಶದ ಸತ್ನಾಮ್ ಸಿಂಗ್‌ನನ್ನೂ ನೆನೆಸಿಕೋ. ಪಂಜಾಬಿನ ಬಲ್ಲೋಕೆ ಹಳ್ಳಿಯಿಂದ 2010ರಲ್ಲಿ ಫ್ಲೋರಿಡಾದ ಅಕಾಡೆಮಿಗೆ ಹೋದ. ಏಳಡಿಗೂ ಮೇಲೆ ಎತ್ತರ. ಕಾಲೇಜು ಆಡದೆ 2015ರಲ್ಲಿ ಡ್ರಾಫ್ಟಿಗೆ ಬಂದು, ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತು. ದೇಶವೆಲ್ಲ ಕುಣಿಯಿತು. ಎನ್‌ಬಿಎ ಸೀಸನ್ನಿನ ಒಂದು ಪಂದ್ಯವೂ ಅವನಿಗೆ ಸಿಗಲಿಲ್ಲ. ನೂರು ಕೋಟಿ ಜನರ ಮೊದಲಿಗ ಎಂಬ ಹೊರೆಯನ್ನು ಹತ್ತೊಂಬತ್ತರ ಹುಡುಗನ ತಲೆಯ ಮೇಲೆ ಹೇರಿದವರು ನಾವೇ ಅಂತ ನನಗೆ ಅನ್ನಿಸುತ್ತದೆ.

ಹಾಗಂತ ಹೆದರಿಸುತ್ತಿಲ್ಲ. 2011ರಲ್ಲಿ ಆರನೆಯವನಾಗಿ ಹೋದ ಚೆಕ್ ಹುಡುಗ ಯಾನ್ ವೆಸೆಲಿ ಅಲ್ಲಿ ನಿಲ್ಲಲಾರದೆ 2014ರಲ್ಲಿ ಯುರೋಪಿಗೆ ಬಂದ. ಟರ್ಕಿಯ ಫೆನೆರ್‌ಬಾಚೆ ತಂಡದೊಂದಿಗೆ 2017ರಲ್ಲಿ ಯುರೋಲೀಗ್ ಗೆದ್ದ, 2019ರಲ್ಲಿ ಆ ಲೀಗಿನ ಶ್ರೇಷ್ಠ ಆಟಗಾರನೂ ಆದ. ಅವನನ್ನು ಸೋತವನು ಅನ್ನುವವರಿಗೆ ಏನು ಹೇಳೋಣ.

ಈಗ ಕೆಲಸದ ಮಾತು. ಕ್ಲಬ್ಬಿನವರನ್ನು ನೇರವಾಗಿ ಕೇಳು: ಮುಂದಿನ ವರ್ಷ ಯಾವ ಲೀಗಿನಲ್ಲಿ ಆಡಿಸುತ್ತೀರಿ, ಯಾವ ಜಾಗದಲ್ಲಿ, ಎಷ್ಟು ನಿಮಿಷ? ಏಜೆಂಟು ತಂದ ಕರಾರಿನ ಕಾಗದದಲ್ಲಿ ಬೈಔಟ್ ಮೊತ್ತ, ಅಂದರೆ ಅವಧಿಗೆ ಮೊದಲೇ ಬಿಟ್ಟು ಹೋಗಲು ಕ್ಲಬ್ಬಿಗೆ ಕಟ್ಟಬೇಕಾದ ಹಣ, ಎಷ್ಟೆಂದು ನೋಡಬೇಕು. ಎನ್‌ಬಿಎ ತಂಡ ಅದರಲ್ಲಿ ಒಂದು ಮಿತಿಯವರೆಗೆ ಮಾತ್ರ ಕಟ್ಟಬಹುದು, ಮಿಕ್ಕಿದ್ದು ಆಟಗಾರನ ಜೇಬಿನಿಂದಲೇ ಹೋಗುತ್ತದೆ. ಎರಡನೇ ಸುತ್ತಿನಲ್ಲಿ ಆರಿಸಿದವನಿಗೆ ಮೊದಲ ಸುತ್ತಿನವನ ಹಾಗೆ ಸಂಬಳದ ಖಾತ್ರಿಯೂ ಇಲ್ಲ.

ಆ ಕಾಗದದ ಎಲ್ಲ ಪುಟಗಳ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡು. ನಿನಗಿನ್ನೂ ಹದಿನೆಂಟು ತುಂಬಿಲ್ಲ, ನಿಮ್ಮಪ್ಪನ ಸಹಿ ಬೇಕೇ ಬೇಕು. ನಾನು ಓದುವವರೆಗೆ ಹಾಕಬೇಡಿ ಎಂದು ಭಾವನಿಗೂ ಹೇಳಿದ್ದೇನೆ.

ಇಂತಿ,
ನಿನ್ನ ಮಾವ