ಹಳೆಯ ಫೋಟೊದ ಹಿಂಬದಿಯನ್ನೂ ಉಳಿಸಿಕೊಳ್ಳಿ

ಮಾನ್ಯ ಸಂಪಾದಕರೇ,

ಮನೆ ಖಾಲಿ ಮಾಡುವಾಗ ಹಳೆಯ ಪೆಟ್ಟಿಗೆಯಲ್ಲಿ ಒಂದು ಕಟ್ಟು ಫೋಟೊ, ನಾಲ್ಕಾರು ಅಂಚೆ ಕಾರ್ಡು, ಬಣ್ಣ ಹಚ್ಚಿದ ಮರದ ಗೊಂಬೆಯೊಂದು ಸಿಕ್ಕಿತೆನ್ನಿ. ಹೆಚ್ಚಿನವರು ಮೊದಲು ಒದ್ದೆ ಬಟ್ಟೆಯಿಂದ ಎಲ್ಲವನ್ನೂ ಒರೆಸುತ್ತಾರೆ. ಆಮೇಲೆ ಫೋಟೊಗಳನ್ನು ಲ್ಯಾಮಿನೇಟ್ ಮಾಡಿಸುತ್ತಾರೆ, ಗೊಂಬೆಗೆ ವಾರ್ನಿಶ್ ಬಳಿಯುತ್ತಾರೆ. ಪ್ರೀತಿಯಿಂದ ಮಾಡುವ ಈ ಮೂರೂ ಕೆಲಸ ಆ ವಸ್ತುಗಳ ಗುರುತನ್ನೇ ಅಳಿಸಿಬಿಡುತ್ತವೆ. ಸಂಗ್ರಹಿಸುವವರೂ ಮುಂಬದಿ ನೋಡಿ ಮರುಳಾಗುತ್ತಾರೆ. ಆದರೆ ವಸ್ತು ಯಾರದು, ಯಾವ ಕಾಲದ್ದು ಎಂಬ ವಿವರ ಬಹುಪಾಲು ಇರುವುದು ಅದರ ಹಿಂಬದಿಯಲ್ಲಿ, ಗೊಂಬೆಯಾದರೆ ಅದರ ಅಡಿಯಲ್ಲಿ.

ಹತ್ತೊಂಬತ್ತನೆಯ ಶತಮಾನದ ಸ್ಟುಡಿಯೊ ಫೋಟೊಗಳನ್ನೇ ನೋಡಿ. ತೆಳು ಕಾಗದದ ಚಿತ್ರವನ್ನು ದಪ್ಪ ರಟ್ಟಿಗೆ ಅಂಟಿಸಿರುತ್ತಾರೆ. ರಟ್ಟು ಸುಮಾರು 6.4 × 10 ಸೆಂ.ಮೀ. ಇದ್ದರೆ ಅದು ‘ಕಾರ್ಟ್ ಡಿ ವಿಸಿಟ್’, ಡಿಸ್ಡೇರಿ ಎಂಬ ಫ್ರೆಂಚ್ ಛಾಯಾಗ್ರಾಹಕ 1854ರಲ್ಲಿ ಪೇಟೆಂಟ್ ಪಡೆದ ಮಾದರಿ. ಸುಮಾರು 10.8 × 16.5 ಸೆಂ.ಮೀ. ಇದ್ದರೆ ‘ಕ್ಯಾಬಿನೆಟ್ ಕಾರ್ಡ್’, ಇದು 1860ರ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ಬಂತು. ರಟ್ಟು ತೆಳ್ಳಗಿದ್ದು ಮೂಲೆಗಳು ಚೂಪಾಗಿದ್ದರೆ, ಹಿಂದೆ ಸ್ಟುಡಿಯೊ ಹೆಸರು ಮಾತ್ರ ಸಣ್ಣಕ್ಷರದಲ್ಲಿದ್ದರೆ ಮೊದಮೊದಲಿನದು. ದಪ್ಪ ರಟ್ಟು, ದುಂಡು ಮೂಲೆ, ಚಿನ್ನದ ಅಂಚು, ಹಿಂಬದಿ ತುಂಬ ಬಳ್ಳಿ-ಹೂವಿನ ಅಲಂಕಾರ ಇದ್ದರೆ ನಂತರದ ದಶಕಗಳದು. ಇಷ್ಟರಿಂದಲೇ ಇಸವಿಯನ್ನು ಖಡಾಖಂಡಿತ ಹೇಳಿಬಿಡಬಾರದು. ಸ್ಟುಡಿಯೊಗಳು ಹಳೆಯ ರಟ್ಟು ಮುಗಿಯುವವರೆಗೂ ಅದನ್ನೇ ಬಳಸುತ್ತಿದ್ದವು, ಹಳೆಯ ನೆಗೆಟಿವ್‌ನಿಂದ ಎಷ್ಟೋ ವರ್ಷದ ಮೇಲೆ ಮತ್ತೆ ಪ್ರತಿ ತೆಗೆದುಕೊಡುತ್ತಿದ್ದವು.

ಅಂಚೆ ಕಾರ್ಡಿನಲ್ಲಿ ಲೆಕ್ಕ ಇನ್ನೂ ಸ್ಪಷ್ಟ. ಮೊದಲು ಹಿಂಬದಿಯಲ್ಲಿ ವಿಳಾಸ ಮಾತ್ರ ಬರೆಯಬೇಕಿತ್ತು, ಒಕ್ಕಣೆಯನ್ನು ಚಿತ್ರದ ಅಂಚಿನಲ್ಲೇ ಇರುಕಿಸಬೇಕಿತ್ತು. ಹಿಂಬದಿಯನ್ನು ಗೆರೆ ಎಳೆದು ಎರಡು ಭಾಗ ಮಾಡಲು ಬ್ರಿಟನ್ನಿನಲ್ಲಿ ಅನುಮತಿ ಸಿಕ್ಕಿದ್ದು 1902ರಲ್ಲಿ, ಅಮೆರಿಕದಲ್ಲಿ 1907ರಲ್ಲಿ. ಫೋಟೊ ಕಾಗದದಲ್ಲೇ ತಯಾರಾದ ಕಾರ್ಡಾದರೆ ಸ್ಟಾಂಪ್ ಅಂಟಿಸುವ ಚೌಕದ ಸುತ್ತ ಹೆಚ್ಚಾಗಿ ಕಾಗದ ತಯಾರಕರ ಗುರುತು ಇರುತ್ತದೆ. ‘ಅಝೊ’ (AZO) ಎಂಬ ಫೋಟೊ ಕಾಗದದ ಚೌಕದಲ್ಲಿ ನಾಲ್ಕು ಮೂಲೆಯ ತ್ರಿಕೋನಗಳೂ ಮೇಲ್ಮುಖವಾಗಿದ್ದರೆ ಸುಮಾರು 1904ರಿಂದ 1918, ಎರಡು ಮೇಲಕ್ಕೂ ಎರಡು ಕೆಳಕ್ಕೂ ಇದ್ದರೆ ಸುಮಾರು 1918ರಿಂದ 1930. ಅಂಚೆ ಮುದ್ರೆಯ ತಾರೀಖು ಕಾರ್ಡು ಅಂಚೆಗೆ ಬಿದ್ದ ದಿನವನ್ನು ಹೇಳುತ್ತದೆಯೇ ಹೊರತು ಚಿತ್ರ ತೆಗೆದ ದಿನವನ್ನಲ್ಲ.

ನಕಲು ಪತ್ತೆಗೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಮತ್ತು ಅತಿನೇರಳೆ ಟಾರ್ಚು ಇದ್ದರೆ ಎಷ್ಟೋ ಸಲ ಸಾಕು. ಭೂತಗನ್ನಡಿಯಲ್ಲಿ ಸಾಲುಸಾಲು ಚುಕ್ಕಿ ಕಂಡರೆ ಅದು ಅಚ್ಚುಯಂತ್ರದ ಮುದ್ರಣ, ಫೋಟೊ ಅಲ್ಲ. ಕತ್ತಲೆಯಲ್ಲಿ ಟಾರ್ಚನ್ನು ಹಿಂಬದಿಗೆ ಹಿಡಿದಾಗ ಕಾಗದ ನೀಲಿ-ಬಿಳಿಯಾಗಿ ಝಗ್ಗನೆ ಹೊಳೆದರೆ ಅದರಲ್ಲಿ ಹೊಳಪುಕಾರಕ ರಾಸಾಯನಿಕ ಬೆರೆತಿದೆ, ಅಂದರೆ ಅದು ಸುಮಾರು 1950ರ ನಂತರದ ಕಾಗದ. ಹೊಳೆಯದಿದ್ದ ಮಾತ್ರಕ್ಕೆ ಹಳೆಯದೆಂದು ನಂಬಬೇಡಿ. ಈಗಲೂ ಅಂಥ ರಾಸಾಯನಿಕ ಇಲ್ಲದ ಕಾಗದ ಸಿಗುತ್ತದೆ.

ಜಾನಪದ ಕಲೆಯ ಮರದ ವಸ್ತುಗಳನ್ನು ಕೊಳ್ಳುವಾಗ ಕೂಡ ತಿರುಗಿಸಿ ನೋಡದೆ ಬೆಲೆ ಮಾತಾಡಬೇಡಿ. ಕೈ ತಾಗುವ ಕಡೆ, ನೆಲಕ್ಕೆ ಉಜ್ಜುವ ಕಡೆ ಸವೆತ ಇರಬೇಕು. ಸಂದುಗೊಂದಿನಲ್ಲೂ ಒಂದೇ ಸಮ ಸವೆದಿದ್ದರೆ ಯಾರೋ ಉಪ್ಪುಕಾಗದ ಹಾಕಿ ತಿಕ್ಕಿದ್ದಾರೆ. ಬಣ್ಣ ಕಾಣದ ಅಡಿಭಾಗ ವರ್ಷಗಟ್ಟಲೆ ಗಾಳಿಗೆ ಒಡ್ಡಿಕೊಂಡು ಕಂದಾಗಿರುತ್ತದೆ, ಅಲ್ಲಿ ಹಸಿ ಮರದ ತಿಳಿಬಣ್ಣ ಇಣುಕಿದರೆ ಅನುಮಾನಿಸಿ. ಹುಳು ಕೊರೆದ ತೂತಿಗೆ ತೆಳು ತಂತಿ ತೂರಿಸಿ ನೋಡಬಹುದು. ಹುಳುವಿನ ದಾರಿ ಒಳಗೆ ಹೋಗುತ್ತ ತಿರುಗುತ್ತದೆ, ಡ್ರಿಲ್ ಕೊರೆದದ್ದು ನೆಟ್ಟಗೆ ಹೋಗಿ ನಿಲ್ಲುತ್ತದೆ. ತೂತಿನ ಕೆಳಗೆ ಹೊಸ ಹುಡಿ ಉದುರುತ್ತಿದ್ದರೆ ಹುಳು ಇನ್ನೂ ಬದುಕಿದೆ, ಉಳಿದ ಸಂಗ್ರಹದ ಹತ್ತಿರ ಆ ವಸ್ತುವನ್ನು ತರಬೇಡಿ. ಕಡೆದು ಮಾಡಿದ ದುಂಡು ತಟ್ಟೆ, ಬಟ್ಟಲುಗಳನ್ನು ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ಮರ ಒಣಗುತ್ತ ಅಡ್ಡಕ್ಕೆ ಕುಗ್ಗುವುದರಿಂದ ಹಳೆಯದರಲ್ಲಿ ಎರಡು ಅಳತೆಗೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ತಲೆಯಲ್ಲಿ ‘+’ ಆಕಾರದ ಸೀಳಿರುವ ಫಿಲಿಪ್ಸ್ ಸ್ಕ್ರೂ 1930ರ ದಶಕದಿಂದೀಚಿನದು. ಅದು ಕಂಡರೆ ಕನಿಷ್ಠ ಆ ರಿಪೇರಿಯಾದರೂ ಹೊಸದು.

ಹಿಂಬದಿಯನ್ನು ಹಾಳುಮಾಡುವುದರಲ್ಲಿ ಲ್ಯಾಮಿನೇಶನ್ನಿಗೆ ಮೊದಲ ಸ್ಥಾನ. ಬಿಸಿ ರೋಲರಿನ ಶಾಖಕ್ಕೆ ಪ್ಲಾಸ್ಟಿಕ್ಕಿನ ಅಂಟು ಕರಗಿ ಕಾಗದದ ನಾರಿನೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಶಾಖಕ್ಕೆ ಅಕ್ಷರ ಮೂಡುವ ಕಾಗದದ ಟಿಕೆಟ್ಟು, ರಸೀದಿಗಳಂತೂ ಆ ಯಂತ್ರದೊಳಗೆ ಪೂರ್ತಿ ಕಪ್ಪಾಗುತ್ತವೆ. ಅವು ಹೇಗಿದ್ದರೂ ಮಾಸುವಂಥವು, ಸಿಕ್ಕ ದಿನವೇ ಸ್ಕ್ಯಾನ್ ಮಾಡಿಡಬೇಕು. ಎರಡನೆಯದು ಪಾರದರ್ಶಕ ಟೇಪು. ಕೆಲವು ವರ್ಷದಲ್ಲಿ ಟೇಪು ಉದುರಿಹೋಗುತ್ತದೆ, ಅದರ ಅಂಟು ಮಾತ್ರ ಕಾಗದದೊಳಗೆ ಇಳಿದು ಕಂದು ಕಲೆಯಾಗಿ ನಿಲ್ಲುತ್ತದೆ. ರಬ್ಬರ್ ಬ್ಯಾಂಡಿನ ಗಂಧಕ ಫೋಟೊದ ಬೆಳ್ಳಿಯನ್ನು ಕೆಡಿಸುತ್ತದೆ, ಕಾಗದದ ಕ್ಲಿಪ್ಪು ತುಕ್ಕು ಹಿಡಿಸುತ್ತದೆ.

ಪ್ಲಾಸ್ಟಿಕ್ ಹಾಳೆ ಎತ್ತಿ ಫೋಟೊ ಅಂಟಿಸುವ ಆಲ್ಬಮ್‌ಗಳಿಂದ ಫೋಟೊ ಕೀಳಲು ಹೋಗಿ ಹರಿಯುವವರೇ ಹೆಚ್ಚು. ಹಲ್ಲಿನ ಸಂದಿ ಸ್ವಚ್ಛ ಮಾಡುವ, ಸುವಾಸನೆ ಇಲ್ಲದ ನೂಲನ್ನು ಒಂದು ಮೂಲೆಯಿಂದ ತೂರಿಸಿ ಗರಗಸದಂತೆ ನಿಧಾನವಾಗಿ ಎಳೆಯಿರಿ. ಬೆರಳಿಂದ ಫೋಟೊವನ್ನು ಬಗ್ಗಿಸಬೇಡಿ. ನೂಲು ತಡೆದರೆ ಅಲ್ಲಿಗೇ ನಿಲ್ಲಿಸಿ ಪುಟದ ಸಮೇತ ಇಟ್ಟುಬಿಡಿ. ಚೌಕಟ್ಟಿನ ಗಾಜಿಗೆ ಅಂಟಿದ ಫೋಟೊವನ್ನಂತೂ ಎಳೆಯಲೇಬಾರದು. ಚಿತ್ರವನ್ನು ಹೊತ್ತ ಜೆಲಾಟಿನ್ ಪದರ ತೇವಕ್ಕೆ ಉಬ್ಬಿ ಗಾಜನ್ನು ಕಚ್ಚಿರುತ್ತದೆ, ಎಳೆದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ. ಬೂಷ್ಟು ಬಂದ ಫೋಟೊಗೆ ನೀರು ತಾಗಿಸಬೇಡಿ. ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗುತ್ತದೆ, ಚಿತ್ರ ಒರಸು ಬಟ್ಟೆಗೆ ಬಂದುಬಿಡುತ್ತದೆ. ಮೊದಲು ಒಣಗಿಸಿ, ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಮೆತ್ತನೆಯ ಕುಂಚದಿಂದ ಉದುರಿಸಿ. ಕನ್ನಡಿಯಂತೆ ಹೊಳೆಯುವ ಬೆಳ್ಳಿ ಲೇಪಿತ ತಾಮ್ರದ ತಗಡಿನ ಚಿತ್ರ, ಅಂದರೆ ಡಾಗೆರೊಟೈಪ್ ಸಿಕ್ಕಿದರೆ ಅದರ ಮೈಗೆ ಬೆರಳು, ಬಟ್ಟೆ, ಕುಂಚ ಯಾವುದೂ ಬೇಡ. ಒಂದು ಸಲ ಒರೆಸಿದರೂ ಚಿತ್ರ ಅಳಿಸುತ್ತದೆ.

ಹಿಂಬದಿಯ ಪೆನ್ಸಿಲ್ ಬರಹ ಎಷ್ಟೋ ಸಲ ಕಣ್ಣಿಗೆ ಕಾಣುವುದೇ ಇಲ್ಲ. ಪೆನ್ಸಿಲಿನ ಗ್ರಾಫೈಟ್ ಪುಡಿ ಉದುರಿಹೋಗಿ ಕಾಗದದಲ್ಲಿ ಒತ್ತಿದ ಗೀರು ಮಾತ್ರ ಉಳಿದಿರುತ್ತದೆ. ಕೋಣೆ ಕತ್ತಲು ಮಾಡಿ, ಫೋಟೊವನ್ನು ಮಗುಚಿ ಸ್ವಚ್ಛ ಕಾಗದದ ಮೇಲಿಟ್ಟು, ಫೋನಿನ ಟಾರ್ಚನ್ನು ಮೇಜಿಗೆ ಬಹುತೇಕ ತಾಗಿಸಿ ಪಕ್ಕದಿಂದ ಬೆಳಕು ಬಿಡಿ. ಗೀರಿನ ಒಂದು ಅಂಚು ಬೆಳಗಿ ಇನ್ನೊಂದು ಅಂಚಿಗೆ ನೆರಳು ಬಿದ್ದು ಅಕ್ಷರಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಎಡದಿಂದ, ಬಲದಿಂದ, ಫೋಟೊದ ಮೇಲಂಚಿನ ಕಡೆಯಿಂದ ಹೀಗೆ ಮೂರು ದಿಕ್ಕಿನಲ್ಲಿ ಬೆಳಕು ಬಿಟ್ಟು ಚಿತ್ರ ತೆಗೆಯಿರಿ. ಎಡಬಲದ ಬೆಳಕಿನಲ್ಲಿ ಕಾಣದ ಅಡ್ಡಗೆರೆ ಮೇಲಂಚಿನ ಕಡೆಯ ಬೆಳಕಿನಲ್ಲಿ ಕಾಣುತ್ತದೆ. ಒಂದು ಹೆಸರು ಸಿಕ್ಕರೂ ಆ ಶ್ರಮ ಸಾರ್ಥಕ.

ಸ್ಕ್ಯಾನ್ ಮಾಡುವಾಗ ಎರಡೂ ಬದಿ ಬೇಕು, 600 ಡಿಪಿಐಗೆ (ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ) ಕಡಿಮೆ ಬೇಡ, ಅಂಗೈಗಿಂತ ಚಿಕ್ಕದಾದರೆ 1200. ಸ್ಕ್ಯಾನಿನ ಮೂಲ ಪ್ರತಿಯನ್ನು ಟಿಫ್ (TIFF) ಕಡತವಾಗಿ ಉಳಿಸಿ, ಎರಡೂ ಬದಿಗೆ ಒಂದೇ ಸಂಖ್ಯೆ ಕೊಟ್ಟು ‘ಮುಂದೆ’, ‘ಹಿಂದೆ’ ಎಂದು ಸೇರಿಸಿ. ಆಲ್ಬಮ್ ಬಿಚ್ಚಲೇಬೇಕಾದರೆ ಅದಕ್ಕೂ ಮೊದಲು ಪ್ರತಿ ಪುಟದ ಇಡೀ ಚಿತ್ರ ತೆಗೆದುಕೊಳ್ಳಿ. ಯಾರ ಪಕ್ಕ ಯಾರನ್ನು ಅಂಟಿಸಿದ್ದರು ಎಂಬ ಕ್ರಮ ಒಮ್ಮೆ ತಪ್ಪಿದರೆ ಮತ್ತೆ ಕೂಡಿಸಲಾಗದು. ಆಲ್ಬಮ್ ಒಡೆದು ಬಿಡಿ ಫೋಟೊ ಮಾರುವವರಿಂದ ಕೊಳ್ಳದಿರುವುದೇ ಒಳ್ಳೆಯದು.

ನೀವೇ ಏನಾದರೂ ಬರೆಯಬೇಕಿದ್ದರೆ 2ಬಿ ಪೆನ್ಸಿಲ್, ಹಿಂಬದಿಯ ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಉಬ್ಬಿ ಕಾಣುತ್ತದೆ. ನಿಮ್ಮ ಊಹೆಯನ್ನು ಚೌಕ ಕಂಸದಲ್ಲಿ ಹಾಕಿ, ಆಗ ಹಳೆಯ ಬರಹದೊಂದಿಗೆ ಅದು ಕಲಸಿಹೋಗದು. ಪ್ಲಾಸ್ಟಿಕ್ ಲೇಪದ ಈಚಿನ ಫೋಟೊ ಕಾಗದದಲ್ಲಿ ಪೆನ್ಸಿಲ್ ಹತ್ತುವುದಿಲ್ಲ, ಲಕೋಟೆಯ ಮೇಲೆ ಬರೆದು ಆಮೇಲೆ ಫೋಟೊ ಒಳಗಿಡಿ.

ಲಕೋಟೆ ಆಮ್ಲರಹಿತ ಕಾಗದದ್ದಿರಲಿ, ಇಲ್ಲವೇ ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್, ಪಾಲಿಎಥಿಲೀನ್‌ನದ್ದಿರಲಿ. ಹೊಸ ರೇನ್‌ಕೋಟಿನಂತೆ ವಾಸನೆ ಬರುವ ಪಿವಿಸಿ ಬೇಡ. ಹಳೆಯ ಫಿಲ್ಮ್ ನೆಗೆಟಿವ್‌ಗಳಿಂದ ವಿನೆಗರಿನ ಹುಳಿ ವಾಸನೆ ಬಂದರೆ ಅವನ್ನು ಕೂಡಲೇ ಬೇರೆ ಇಡಿ, ಆ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ಪೆಟ್ಟಿಗೆ ನೆಲದಿಂದ ಮೇಲಿರಲಿ, ಹೊರಗೋಡೆಗೆ ತಾಗದಿರಲಿ. ಗಾಳಿಯ ತೇವ ಶೇ 30ರಿಂದ 50ರೊಳಗಿದ್ದರೆ ಒಳ್ಳೆಯದು, ಶೇ 65 ದಾಟಿದರೆ ಬೂಷ್ಟು ಕಟ್ಟಿಟ್ಟ ಬುತ್ತಿ.

ಕೊನೆಗೆ ಪತ್ರಿಕೆಗಳಿಗೊಂದು ಕೋರಿಕೆ. ಓದುಗರಿಂದ ಹಳೆಯ ಫೋಟೊ ಆಹ್ವಾನಿಸುವಾಗ ಮೂಲವನ್ನು ಕಳಿಸಬೇಡಿ, ಮುಂಬದಿ ಹಿಂಬದಿ ಎರಡರ ಸ್ಕ್ಯಾನನ್ನೂ ಕಳಿಸಿ ಎಂದು ಸೇರಿಸಿ. ಅಚ್ಚು ಮಾಡುವಾಗ ಮುಖದ ಕೆಳಗೆ ಹಿಂಬದಿಯ ಬರಹವನ್ನು ತಿದ್ದದೆ, ಇದ್ದ ಕಾಗುಣಿತದಲ್ಲೇ ಕೊಡಿ.

– ಹಳೆಯ ಚಿತ್ರ, ಕಾಗದಪತ್ರಗಳ ಸಂಗ್ರಾಹಕ